ಗೆಜೆಟೆಡ್ ಅಧಿಕಾರಿ ದೃಢೀಕರಿಸಿದ ಪೈಲ್ವಾನ

ಮನುಷ್ಯನಿಗೆ ಸಂಸ್ಕಾರಗಳು ಹದಿನಾರು ಎಂದು ಪುರೋಹಿತರು ಹೇಳುತ್ತಾರೆ. ಅದು ತಪ್ಪು ಲೆಕ್ಕ. ದಾವಣಗೆರೆಯ ನಿಂಗರಾಜನನ್ನು ಕೇಳಿದರೆ ಹದಿನೇಳು ಎನ್ನುತ್ತಾನೆ. ಹದಿನೇಳನೆಯದು ಲ್ಯಾಮಿನೇಷನ್.

ವಿದ್ಯಾನಗರದ ಕಾಲೇಜು ರಸ್ತೆಯಲ್ಲಿ ಅವನ ಜೆರಾಕ್ಸ್ ಅಂಗಡಿ. ಅಂಗಡಿ ಎಷ್ಟು ಸಣ್ಣದೆಂದರೆ ಒಳಗೆ ಕೂತ ನಿಂಗರಾಜನಿಗೆ ಸೀನು ಬಂದರೆ ಮೊದಲು ರಸ್ತೆಗೆ ಬಂದು ಆಮೇಲೆ ಸೀನಬೇಕು. ಆದರೆ ಅಲ್ಲಿಂದ ಪ್ಲಾಸ್ಟಿಕ್ ಹೊದ್ದು ಹೊರಬಿದ್ದ ಕಾಗದಗಳನ್ನು ಒಂದರ ಪಕ್ಕ ಒಂದು ಹಾಸುತ್ತ ಹೋದರೆ ಹರಿಹರದ ಸೇತುವೆ ದಾಟಿ, ಹೊಳೆ ದಾಟಿ, ಇನ್ನೂ ಒಂದಿಷ್ಟು ಮಿಕ್ಕಿ ವಾಪಸ್ ತರಬೇಕಾಗುತ್ತದೆ. ತನ್ನ ಮದುವೆಯ ಲಗ್ನಪತ್ರಿಕೆಯನ್ನು ಅವನು ತಾಳಿ ಕಟ್ಟುವುದಕ್ಕೆ ಮೊದಲೇ ಲ್ಯಾಮಿನೇಟ್ ಮಾಡಿದ್ದ. ಸಂಸಾರ ಇಷ್ಟು ವರ್ಷ ಹರಿಯದೆ ಉಳಿದದ್ದು ಅದರಿಂದಲೇ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ.

"ಪತ್ರಿಕೆ ಗಟ್ಟಿ ಐತೆ, ಖರೆ. ನನ್ನ ತಾಳ್ಮೆಗೆ ಯಾರು ಲ್ಯಾಮಿನೇಷನ್ ಮಾಡ್ಯಾರ್ರಿ?" ಎಂದು ಹೆಂಡತಿ ಸುಧಾ ಕೇಳುತ್ತಿದ್ದಳು.

ಅವಳ ತಾಳ್ಮೆ ಹರಿಯಲು ಕಾರಣ ವಿನೋಬನಗರದ ಅವರ ಮನೆಯ ಮುಂದಿನ ಕೋಣೆ. ರಸ್ತೆಗೇ ಬಾಗಿಲಿರುವ, ಗಾಳಿ ಬೆಳಕಿರುವ ಬಂಗಾರದಂಥ ಕೋಣೆ. ಅದರ ತುಂಬ ನಿಂಗರಾಜನ ಸಂಗ್ರಹ. ಬೆಂಕಿಪೊಟ್ಟಣದ ಚಿತ್ರ, ಸೋಡಾ ಮುಚ್ಚಳ, ಹಳೇ ಬಸ್ ಟಿಕೆಟ್, ಸೋತ ಅಭ್ಯರ್ಥಿಗಳ ಕರಪತ್ರ, ಮುಗಿದುಹೋದ ಕ್ಯಾಲೆಂಡರು. ನಿಂಗರಾಜ ಅದನ್ನು ಮ್ಯೂಸಿಯಂ ಎನ್ನುತ್ತಿದ್ದ, ಸುಧಾ ನೆಲದೊಳಗೆ ಕಾಳು ತುಂಬುವ ಹಗೇವು ಎನ್ನುತ್ತಿದ್ದಳು. ಸುಧಾ ಬ್ಲೌಸ್ ಹೊಲಿಯುವುದರಲ್ಲಿ ಎತ್ತಿದ ಕೈ. ಆದರೆ ಮಷಿನ್ ಇಡಲು ಜಾಗವಿಲ್ಲದೆ ಅದು ಅಡುಗೆಮನೆಯಲ್ಲಿ, ಗ್ಯಾಸಿಗೂ ಫ್ರಿಜ್ಜಿಗೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅವಳು ಹೊಲಿದ ಬ್ಲೌಸು ತೊಟ್ಟು ಹೆಂಗಸರು ಮದುವೆಗೆ ಹೋದರೆ, ಪಕ್ಕದಲ್ಲಿ ಕೂತವರು "ಊಟಕ್ಕೆ ಕೂಡ್ಸಿದ್ರಾ? ಬೆಳ್ಳುಳ್ಳಿ ಒಗ್ಗರಣೆ ವಾಸ್ನೆ ಬರ್ತೈತಲ್ಲ" ಎಂದು ಎದ್ದು ಕೈತೊಳೆಯಲು ಹೋಗುತ್ತಿದ್ದರಂತೆ. ಗಿರಾಕಿಗಳು ಒಬ್ಬೊಬ್ಬರೇ ತಪ್ಪಿದರು. ಆ ಕೋಣೆ ಸಿಕ್ಕರೆ ಬಾಗಿಲಿಗೆ ಬೋರ್ಡು ಹಾಕಿ ಅಂಗಡಿ ಇಡಬೇಕು ಎಂಬುದು ಸುಧಾಳ ಒಂದೇ ಆಸೆ.

ಒಂದು ಐತವಾರ ಅವಳು ಗುಜರಿಯ ಮೌಲಾ ಸಾಬನನ್ನು ಗಾಡಿ ಸಮೇತ ಕರೆಸಿಯೇ ಬಿಟ್ಟಳು. ಹದಡಿಯಿಂದ ಅವಳ ತಾಯಿ ರಂಗವ್ವನೂ ಬಂದಿದ್ದಳು. ಹಲ್ಲುನೋವು ತೋರಿಸಲು ಬಂದೆ ಎಂಬುದು ರಂಗವ್ವ ಹೇಳಿದ ಕಾರಣ. ದವಡೆಗೆ ಟವೆಲ್ ಸುತ್ತಿಕೊಂಡು ನಡುಮನೆಯಲ್ಲಿ ಕೂತ ರೀತಿ ನೋಡಿದರೆ ಹೈಕೋರ್ಟು ಕೂತ ಹಾಗಿತ್ತು.

"ನಿಂಗರಾಜಣ್ಣ, ಎಲ್ಲಾ ಒಟ್ಟಿಗೆ ತೂಗ್ಲೋ, ಪ್ಲಾಸ್ಟಿಕ್ ಬ್ಯಾರೆ ಕಾಗದ ಬ್ಯಾರೆ ಮಾಡ್ಲೋ?" ಎಂದ ಮೌಲಾ ಸಾಬ್.

"ಬ್ಯಾರೆ ಹೆಂಗೆ ಮಾಡ್ತೀ ಸಾಬ್? ಎಲ್ಲಾದಕ್ಕೂ ಲ್ಯಾಮಿನೇಷನ್ ಬಡ್ದಾರ," ಎಂದಳು ಸುಧಾ. "ಹಾಲು ನೀರು ಬ್ಯಾರೆ ಮಾಡೋ ಹಂಸಪಕ್ಷಿನೇ ಬರಬೇಕು."

ಮೌಲಾ ಸಾಬ್ ಮೂಲೆಯ ಒಂದು ಗೋಣಿಚೀಲ ಎಳೆದ. ಅದರಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಉರುಳಿ ಬಾಯಿ ಬಿಟ್ಟಿತು. ಒಳಗೆ ನಿಂಗರಾಜ ಹುಡುಗನಾಗಿದ್ದಾಗ ಆಡಿ ಮರೆತ, ಲ್ಯಾಮಿನೇಷನ್ ತಪ್ಪಿಸಿಕೊಂಡಿದ್ದ ಕುಸ್ತಿ ಕಾರ್ಡುಗಳು. ಒಂದೊಂದು ಕಾರ್ಡಿನ ಮೇಲೆ ಒಬ್ಬೊಬ್ಬ ವಿದೇಶಿ ಪೈಲ್ವಾನನ ಚಿತ್ರ, ಕೆಳಗೆ ಅವನ ಎತ್ತರ, ತೂಕ, ಗೆದ್ದ ಕುಸ್ತಿ. ಇಬ್ಬರು ಕೂತು "ಎತ್ತರ!" ಎಂದೋ "ತೂಕ!" ಎಂದೋ ಕೂಗಿ ಕಾರ್ಡು ಬಡಿಯುವುದು, ಯಾರ ಅಂಕಿ ದೊಡ್ಡದೋ ಅವರು ಇನ್ನೊಬ್ಬರ ಕಾರ್ಡು ನುಂಗುವುದು. ಆ ಕಾಲದಲ್ಲಿ ವಿನೋಬನಗರದ ಹುಡುಗರು ಇದನ್ನು ಆಡಿ ಆಡಿ ಗಣಿತದಲ್ಲಿ ಪಾಸಾದರು, ಉಳಿದ ಎಲ್ಲದರಲ್ಲೂ ಫೇಲಾದರು.

ಎಲ್ಲ ಕಾರ್ಡುಗಳೂ ಮುದುಡಿ, ಮೂಲೆ ಹರಿದು, ಎಣ್ಣೆ ಕುಡಿದು ಕೂತಿದ್ದವು. ಒಂದು ಮಾತ್ರ ಇವತ್ತು ಬೆಳಿಗ್ಗೆ ಅಚ್ಚಾದ ಹಾಗೆ ಫಳಫಳ ಹೊಳೆಯುತ್ತಿತ್ತು. 'ಬ್ಲಡಿ ಬೈಸನ್' ಎಂಬ ಪೈಲ್ವಾನ. ಎದೆಯವರೆಗೆ ಗಡ್ಡ, ಅದರ ಕೆಳಗೆ ಅಂಗೈಯಗಲದ ಕೆಂಪು ಚಡ್ಡಿ, ಇಷ್ಟೇ ಅವನ ಉಡುಪು. ತೂಕ ನೂರ ನಲವತ್ತೆರಡು ಕೆ.ಜಿ. ಎತ್ತರ ಆರು ಇಂಚು.

ಹೌದು, ಆರು ಇಂಚು. ಆರು ಅಡಿ ಎಂದು ಹಾಕಬೇಕಾದಲ್ಲಿ ಅಚ್ಚಿನ ಮನೆಯವರು ಎಡವಿದ್ದರು. ಹೆಂಚಿನ ಮೇಲಿನ ಹಲ್ಲಿಯಷ್ಟು ಉದ್ದದ ಈ ಪೈಲ್ವಾನನನ್ನು ಇಳಿಸಿದವನಿಗೆ, ಎದುರಿನವನು "ಎತ್ತರ!" ಎಂದರೆ ಸಾಕು, ಸೋಲು ಖಾತ್ರಿ. ಆದ್ದರಿಂದ ಯಾವ ಹುಡುಗನೂ ಅವನನ್ನು ಮುಟ್ಟುತ್ತಿರಲಿಲ್ಲ. ಮುಟ್ಟದೇ ಬಿಟ್ಟದ್ದರಿಂದ ಅವನು ಮಾಸದೆ ಉಳಿದಿದ್ದ.

ನಿಂಗರಾಜನ ತಲೆಯಲ್ಲಿ ಮಿಂಚು ಹೊಡೆಯಿತು. ಹಿಂದಿನ ವಾರವಷ್ಟೇ ಅವನು ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದ. ಇಂಥದೇ ಒಂದು ತಪ್ಪು ಅಚ್ಚಿನ ಕಾರ್ಡು ಮಾರಿ ಯಾವನೋ ಅಮೆರಿಕದವನು ಮನೆ ಕಟ್ಟಿಸಿದ್ದ. ನಿಂಗರಾಜ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ.

"ನಿಲ್ಸು ಸಾಬ್! ಒಂದು ಕಡ್ಡಿ ಮುಟ್ಟಬ್ಯಾಡ. ಈ ಒಂದು ಕಾರ್ಡು ಲಕ್ಷಗಟ್ಟಲೆ ಬಾಳ್ತೈತೆ. ಇನ್ನು ಉಳಿದಿದ್ರಾಗೆ ಏನೇನೈತೋ!"

ಮೌಲಾ ಸಾಬ್ ಕಾರ್ಡನ್ನು ಹಿಂದೆ ಮುಂದೆ ನೋಡಿದ. "ಅರೆ ಅಣ್ಣ, ತೂಕಕ್ಕೆ ಹಾಕಿದ್ರೆ ಮುಳ್ಳೇ ಅಲ್ಲಾಡಲ್ಲ."

"ಅವ್ವ, ನೀನೇ ಹೇಳು," ಎಂದು ಸುಧಾ ಹೈಕೋರ್ಟಿನ ಕಡೆ ತಿರುಗಿದಳು.

ರಂಗವ್ವ ದವಡೆ ಒತ್ತಿಕೊಂಡೇ ತೀರ್ಪು ಕೊಟ್ಟಳು. "ಬರೋ ಐತವಾರದ ಮಟ ಟೈಮು. ತಿಳಿದವರ ಕಡೆ ತೋರ್ಸು ಅಳಿಯಾ. ಬೆಲೆ ಐತೆ ಅಂದ್ರೆ ರೂಮು ನಿಂದು. ಇಲ್ಲಾಂದ್ರೆ ರೂಮು ನನ್ನ ಮಗಳ್ದು. ಆಮ್ಯಾಲೆ ಸಾಬಣ್ಣ ಎಲ್ಲಾ ಹೇರ್ಕೊಂಡು ಹೋಗ್ತಾನೆ, ನಡುವೆ ಬಾಯಿ ಹಾಕಿದ್ರೆ ನಿನ್ನನ್ನೂ ಹೇರ್ಕೊಂಡು ಹೋಗ್ತಾನೆ."

ನಿಂಗರಾಜ ಅವತ್ತೇ ವಿಡಿಯೊದ ಕೆಳಗೆ ಹುಡುಕಿ ಹುಡುಕಿ, ಹರಿಹರದಲ್ಲಿ ಇಂಥ ಕಾರ್ಡುಗಳ ಬೆಲೆ ಬಲ್ಲವರೊಬ್ಬರನ್ನು ಪತ್ತೆಹಚ್ಚಿದ. ಡಾಕ್ಟರ್ ಪುಷ್ಪಲತಾ, ಹಲ್ಲಿನ ವೈದ್ಯರು. ಹಗಲು ಹಲ್ಲು ಕೀಳುವುದು, ಬಿಡುವಿನಲ್ಲಿ ಕಾರ್ಡು ಕೂಡಿಸುವುದು ಅವರ ಕೆಲಸ. ಅವನು ಕಳಿಸಿದ ಕಾರ್ಡಿನ ಫೋಟೊ ನೋಡಿದವರೇ ಮೆಸೇಜು ಹಾಕಿದರು: "ಐತವಾರ ಬೆಳಿಗ್ಗೆ ಬನ್ನಿ. ಕಾರ್ಡನ್ನು ಇದ್ದದ್ದು ಇದ್ದ ಹಾಗೇ ತನ್ನಿ."

ನಿಂಗರಾಜ ಆ ಕೊನೆಯ ಮಾತನ್ನು ಓದಿ ನಕ್ಕ. ಇದ್ದದ್ದು ಇದ್ದ ಹಾಗೇ ತರುವುದುಂಟೇ? ಕನ್ಯೆ ತೋರಿಸುವಾಗ ಯಾರಾದರೂ ಪಾತ್ರೆ ತಿಕ್ಕುತ್ತಿದ್ದವಳನ್ನು ಇದ್ದ ಹಾಗೇ ತಂದು ಕೂರಿಸುತ್ತಾರೆಯೇ? ಡಾಕ್ಟರು ಮರ್ಯಾದಸ್ಥರು, ಸಂಕೋಚಕ್ಕೆ ಹಾಗೆ ಬರೆದಿದ್ದಾರೆ, ಅಷ್ಟೇ. ಅವನು ವಿಡಿಯೊವನ್ನು ಮತ್ತೆ ಹಾಕಿ ನೋಡಿದ. ಅದರಲ್ಲಿದ್ದ ಮನುಷ್ಯ ಸ್ಪಷ್ಟವಾಗಿ ಹೇಳಿದ್ದ: ಬೆಲೆಯುಳ್ಳ ಕಾರ್ಡು ಅಸಲಿಯೆಂದು ಮೊದಲು ಅಧಿಕೃತರು ದೃಢೀಕರಿಸಬೇಕು, ಆಮೇಲೆ ಅದನ್ನು ಪ್ಲಾಸ್ಟಿಕ್ಕಿನೊಳಗೆ ಸೀಲ್ ಮಾಡಬೇಕು.

ನಿಂಗರಾಜನಿಗೆ ಅಮೆರಿಕದವರ ಮೇಲೆ ಕನಿಕರ ಹುಟ್ಟಿತು. ಪಾಪ, ಈ ಎರಡು ಕೆಲಸಕ್ಕೆ ಅವರು ತಿಂಗಳುಗಟ್ಟಲೆ ಕಾಯುತ್ತಾರಂತೆ. ಅವನಾದರೋ ಹುಡುಗರ ಅಂಕಪಟ್ಟಿಗಳಿಗೆ ಇದೇ ಎರಡನ್ನು ಮಾಡಿಸಿಕೊಟ್ಟು ಅರ್ಧ ಆಯುಷ್ಯ ಕಳೆದವನು. ದೃಢೀಕರಣ ಎಂದರೆ ಗೆಜೆಟೆಡ್ ಅಧಿಕಾರಿಯ ಸಹಿ. ಸೀಲ್ ಎಂದರೆ ಲ್ಯಾಮಿನೇಷನ್. ಜಗತ್ತಿನಲ್ಲಿ ಇದಕ್ಕಿಂತ ಸುಲಭವಾದದ್ದು ಯಾವುದಿದೆ?

ಗೆಜೆಟೆಡ್ ಅಧಿಕಾರಿ ಅಂಜನಕುಮಾರ ಒಂದು ಇಲಾಖೆಯಲ್ಲಿದ್ದರು. ಇಲಾಖೆ ಯಾವುದೆಂದು ಅಲ್ಲಿ ಕೆಲಸ ಮಾಡುವವರಿಗೇ ಖಚಿತವಿರಲಿಲ್ಲ, ಆದ್ದರಿಂದ ಇಲ್ಲೂ ಬೇಡ. ಒಳ್ಳೆಯ ಮನುಷ್ಯ. ಕಾಲೇಜು ಹುಡುಗರ ಕಾಗದಗಳಿಗೆ ಎಂದೂ ಇಲ್ಲವೆಂದವರಲ್ಲ. ಬಲಗೈಗೆ ಹಸಿರು ಪೆನ್ನು, ಎಡಗೈಗೆ ಫೋನು ಕೊಟ್ಟರೆ ಎರಡು ಕೈಗಳೂ ಒಂದನ್ನೊಂದು ವಿಚಾರಿಸದೆ ಕೆಲಸ ಮಾಡುತ್ತಿದ್ದವು. ಒಮ್ಮೆ ಮೇಜಿನ ಮೇಲೆ ಅವರ ಮನೆಯವರೇ ಕಳಿಸಿದ ರೊಟ್ಟಿಗೂ ಸಹಿ ಹಾಕಿದ್ದರೆಂದೂ, ಜವಾನ ಅದಕ್ಕೆ ಮೊಹರು ಒತ್ತಿದನೆಂದೂ, ರೊಟ್ಟಿ ತಿಂದಾದ ಮೇಲೆ ಮೂರು ದಿನ ಅವರು ಎಲ್ಲ ಕಡತಗಳನ್ನೂ ಜೀರ್ಣಿಸಿಕೊಂಡರೆಂದೂ ಊರು ಹೇಳುತ್ತದೆ.

ನಿಂಗರಾಜ ಹೋದಾಗ ಅವರು ಫೋನಿನಲ್ಲಿ ಬೀಗರ ಜೊತೆ ಮಾವಿನಹಣ್ಣಿನ ಮಾತಿನಲ್ಲಿದ್ದರು.

"ಬಾದಾಮಿನೇ ಕಳ್ಸ್ರಿ, ರಸಪೂರಿ ಬ್ಯಾಡ... ಏನಪಾ, ಎಷ್ಟೈತೆ?"

"ಒಂದೇ ಸಾರ್. ಹಿಂದ್ಗಡೆ ಹಾಕ್ರಿ, ಮುಂದ್ಗಡೆ ಮನುಷ್ಯ ಅದಾನೆ."

"ಆಧಾರ್ ಕಾರ್ಡಾ?... ಅಲ್ಲ ಬೀಗರೇ, ನಿಮಗಲ್ಲ."

"ಕಾರ್ಡೇ ಸಾರ್."

ಹಸಿರು ಪೆನ್ನು ಬೈಸನ್ನನ ಬೆನ್ನ ಮೇಲೆ ಒಮ್ಮೆ ಈಜಿ ದಡ ಸೇರಿತು. ಜವಾನ ಮೊಹರನ್ನು ಬಾಯಿಂದ ಊದಿ, ಪೈಲ್ವಾನನ ಬೆನ್ನುಮೂಳೆ ಮುರಿಯುವಂತೆ ಒತ್ತಿದ: 'ಮೂಲದೊಂದಿಗೆ ತಾಳೆ ನೋಡಿ ಸರಿಯಿದೆ ಎಂದು ದೃಢೀಕರಿಸಿದೆ.' ಕೆಳಗೆ ಹೆಸರು, ಹುದ್ದೆ, ಸಿಂಹದ ಮುದ್ರೆ.

ಇನ್ನು ಲ್ಯಾಮಿನೇಷನ್ ಒಂದೇ ಬಾಕಿ. ಆದರೆ ಕಾರ್ಡು ಅಂಗಡಿಗೆ ಹೊರಡುವ ಮೊದಲು ರಂಗವ್ವ ತಡೆದಳು.

"ಮನಿಗೆ ಲಕ್ಷ್ಮಿ ತರ್ತಾನೆ ಅಂತೀಯಾ, ಹಣೆ ಬರಿದು ಬಿಟ್ಟು ಕಳಿಸ್ತಾರೇನೋ?"

"ಅತ್ತೆ, ಅವನು ಬ್ಯಾರೆ ದೇಶದೋನು."

"ಅದಕ್ಕೇ ಪಾಪ, ಯಾರೂ ಇಟ್ಟಿಲ್ಲ." ರಂಗವ್ವ ಪೈಲ್ವಾನನ ಹಣೆಗೆ ಅರಿಶಿನ ಒತ್ತಿ, ಅದರ ಮೇಲೆ ಕುಂಕುಮ ಇಟ್ಟಳು. ಬೆರಳು ದಪ್ಪ, ಹಣೆ ಕಿರಿದು. ಕುಂಕುಮ ಹಣೆ ಮೀರಿ ಮೂಗಿಗಿಳಿದು ಗಡ್ಡದಲ್ಲಿ ಕರಗಿತು. ಬೈಸನ್ ಈಗ ಕುಸ್ತಿ ಮುಗಿಸಿ ಯಾವುದೋ ಮಠಕ್ಕೆ ಪೀಠಾಧಿಪತಿಯಾದವನಂತೆ ಕಂಡ. ನಿಂಗರಾಜ ಹಾಗೆಯೇ ಒಯ್ದು, ತನ್ನಲ್ಲಿದ್ದ ಅತಿ ದಪ್ಪನೆಯ ಪ್ಲಾಸ್ಟಿಕ್ ಹಾಳೆಯ ನಡುವೆ ಮಲಗಿಸಿ, ಕಣ್ಣು ಮುಚ್ಚಿ ಮಷಿನ್ನಿಗೆ ಕೊಟ್ಟ. ಅರಿಶಿನ, ಕುಂಕುಮ, ಸಹಿ, ಸಿಂಹ, ಎಲ್ಲ ಸಮೇತ ಪೈಲ್ವಾನ ಬಿಸಿಬಿಸಿಯಾಗಿ ಹೊರಬಿದ್ದ. ಪ್ರಳಯ ಬಂದು ಜಗತ್ತು ಮುಳುಗಿದರೂ ಬೈಸನ್ ಒಬ್ಬ ತೇಲುತ್ತಿರುತ್ತಾನೆ, ಅಂಥ ಸೀಲು.

ಪಕ್ಕದ ಮನೆಯ ಖತೀಜಾಬೀ ನೋಡಲು ಬಂದು, ಹಿಂದೆ ಮುಂದೆ ಎರಡೂ ಕಡೆ ಫೋಟೊ ಹೊಡೆದು ಫೋನಿನ ಸ್ಟೇಟಸ್ಸಿಗೆ ಹಾಕಿದಳು. ಆಮೇಲೆ ಕಾರ್ಡಿನ ಬೆಲೆ ನಿಂಗರಾಜನ ಕೈಯಲ್ಲಿ ಉಳಿಯಲಿಲ್ಲ. ವಿನೋಬನಗರದ ಒಳಗೆ ಒಂದು ಸ್ಕೂಟರಿನಷ್ಟಿದ್ದದ್ದು, ಮಂಡಕ್ಕಿ ಭಟ್ಟಿ ಬಡಾವಣೆ ಮುಟ್ಟುವುದರೊಳಗೆ ಮೂಲೆ ಸೈಟು ಆಯಿತು. ರೈಲ್ವೆ ಗೇಟು ಹಾಕಿದಾಗಲಂತೂ ಕೇಳುವುದೇ ಬೇಡ. ಅಲ್ಲಿ ನಿಂತವರಿಗೆ ಮಾತು ಬಿಟ್ಟರೆ ಬೇರೆ ಕೆಲಸವಿಲ್ಲ. ಗೂಡ್ಸ್ ಗಾಡಿ ಎಷ್ಟು ಉದ್ದವೋ ಬೆಲೆ ಅಷ್ಟು ಮೇಲೆ. ಒಂದು ದಿನ ಎರಡು ಗಾಡಿ ಒಟ್ಟಿಗೆ ಬಂದವು, ಕಾರ್ಡು ಕೋಟಿ ದಾಟಿತು.

"ಸರ್ಕಾರದವ್ರೇ ಸೈನ್ ಹಾಕ್ಯಾರಂತೆ!"

"ಹಾಕದೇ ಏನ್ಮಾಡ್ತಾರೆ? ಕೋಟಿ ಬೆಲೆದು."

"ಬೆಲೆ ಎಷ್ಟಂತ ಗೊತ್ತಿಲ್ದೇ ಹಾಕ್ತಾರೇನು?"

ಹೀಗೆ ಸಹಿಯಿಂದ ಬೆಲೆ, ಬೆಲೆಯಿಂದ ಸಹಿ ಬೆಳೆಯುತ್ತ ಹೋದವು. ಸುಧಾ ಮಾತ್ರ ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಕತ್ತರಿ ಹಿಡಿದು ಐತವಾರಕ್ಕೆ ಕಾಯುತ್ತಿದ್ದಳು.

ಐತವಾರ ಬೆಳಿಗ್ಗೆ ನಿಂಗರಾಜ ರಂಗವ್ವನನ್ನೂ ಕರೆದುಕೊಂಡು ಹರಿಹರದ ಬಸ್ಸು ಹತ್ತಿದ. ಕಾರ್ಡಿಗೂ ಹಲ್ಲಿಗೂ ಒಬ್ಬರೇ ಡಾಕ್ಟರು ಸಿಕ್ಕಿದ್ದು ದೈವಕೃಪೆ ಎಂದು ಇಬ್ಬರೂ ಒಪ್ಪಿದ್ದರು.

ಹರಿಹರದ ದವಾಖಾನೆಯಲ್ಲಿ ಡಾಕ್ಟರ್ ಪುಷ್ಪಲತಾ ಹೊಸ ಕೈಗವಸು ತೊಟ್ಟು, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಸಿದ್ಧವಾಗಿದ್ದರು. ರಂಗವ್ವನನ್ನು ಕುರ್ಚಿಯಲ್ಲಿ ಮಲಗಿಸಿ, ಹಲ್ಲಿಗೆ ಮರಗಟ್ಟುವ ಸೂಜಿ ಕೊಟ್ಟು, ಅದು ಹಿಡಿಯುವವರೆಗೆ ಕಾರ್ಡು ನೋಡೋಣವೆಂದು ಕೈ ಚಾಚಿದರು. ಫೋಟೊ ನೋಡಿದ್ದರಿಂದ ಒಂದು ವಾರ ತಮಗೆ ಸರಿಯಾಗಿ ನಿದ್ದೆಯಿಲ್ಲ ಎಂದರು.

"ನಿಂಗರಾಜ್ ಅವರೇ, ಈ ತಪ್ಪು ಅಚ್ಚಿನ ಕಾರ್ಡು ಒಂದೇ ಕಟ್ಟಿನಲ್ಲಿ ಬಂದಿತ್ತು. ಗೊತ್ತಾದ ತಕ್ಷಣ ಕಂಪನಿಯವರು ವಾಪಸ್ ತರಿಸಿ ಸುಟ್ಟರು. ಉಳಿದಿರೋದು ಬೆರಳೆಣಿಕೆ. ಅದರಲ್ಲೂ ಮೂಲೆ ಸವೆಯದೆ, ಅಂಚು ಬಿಳಿಯಾಗದೆ, ಮೇಲ್ಮೈಗೆ ಒಂದು ಗೀರಿಲ್ಲದೆ ಇರೋದು ನಾನು ಇವತ್ತಿನವರೆಗೆ ನೋಡಿಲ್ಲ. ನಿಮ್ಮದು ಹಾಗಿದ್ರೆ ಒಂದು ಒಳ್ಳೆ ಕಾರಿನ ಬೆಲೆಗೆ ನಾನೇ ಗಿರಾಕಿ ಹುಡುಕಿಕೊಡ್ತೀನಿ. ಎಲ್ಲಿ, ತೆಗೀರಿ."

ನಿಂಗರಾಜನ ಎದೆ ಮಂಡಕ್ಕಿಯಂತೆ ಉಬ್ಬಿತು. ರೇಷ್ಮೆ ಕರ್ಚೀಫು ಬಿಚ್ಚಿ ಬೈಸನ್ನನನ್ನು ದೀಪದ ಕೆಳಗಿಟ್ಟ.

ಡಾಕ್ಟರು ನೋಡಿದರು. ಭೂತಗನ್ನಡಿ ತೆಗೆದು ನೋಡಿದರು. ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ರೋಗಿಗಳಿಗೆಂದು ಇಟ್ಟಿದ್ದ ನೀರಿನ ಲೋಟ ಎತ್ತಿ ತಾವೇ ಕುಡಿದರು.

"ಈ ಕೆಂಪು ಏನು?"

"ಕುಂಕುಮ ಮೇಡಂ. ನಮ್ಮತ್ತೆ ಕೈದು. ಒಳ್ಳೇ ಕೈಗುಣ."

"ಹಿಂದೆ ಈ ಹಸಿರು?"

"ಗೆಜೆಟೆಡ್ ಸಹಿ ಮೇಡಂ. ಅಸಲಿ ಅಂತ. ಅನುಮಾನ ಇದ್ರೆ ಆಫೀಸಿಗೆ ಫೋನ್ ಹಚ್ಚಿ ಕೇಳ್ಬೋದು."

"ಈ ಪ್ಲಾಸ್ಟಿಕ್ಕು?"

"ಅದು ನನ್ನ ಕೈದು," ಎಂದ ನಿಂಗರಾಜ ವಿನಯದಿಂದ ತಲೆ ತಗ್ಗಿಸಿ. "ನಿಮಗೋಸ್ಕರ ಅಂತ ಸ್ಪೆಷಲ್, ಡಬಲ್ ದಪ್ಪ."

ಡಾಕ್ಟರ್ ಪುಷ್ಪಲತಾ ಕೈಗವಸು ಕಳಚಿಟ್ಟರು. ಅವರ ದನಿ, ಮಗು ಕಳೆದುಕೊಂಡವರಿಗೆ ಹೇಳುವಷ್ಟು ಮೆತ್ತಗಿತ್ತು.

"ನೋಡಿ, ಕಾರ್ಡಿನ ಬೆಲೆ ಇರೋದೇ ಅದನ್ನು ಯಾರೂ ಏನೂ ಮಾಡಿಲ್ಲ ಅನ್ನೋದರಲ್ಲಿ. ನೀವು ಎಲ್ಲಾ ಮಾಡಿದ್ದೀರಿ. ಲ್ಯಾಮಿನೇಷನ್ನಿನ ಬಿಸಿಗೆ ಕಾರ್ಡಿನ ಮೈ ಪ್ಲಾಸ್ಟಿಕ್ಕಿಗೆ ಅಂಟಿಹೋಗಿದೆ, ಬಿಡಿಸಿದರೆ ಪೈಲ್ವಾನ ಹರೀತಾನೆ. ಇದನ್ನು ಇನ್ನು ಯಾರೂ ತಗೊಳ್ಳಲ್ಲ."

"ಸ್ವಲ್ಪನೂ ಇಲ್ವಾ ಮೇಡಂ? ಸ್ಕೂಟರ್ ರೇಟಿಗೆ?"

"ಸ್ಕೂಟರಿನ ಗಾಳಿ ಹಾಕಿಸೋ ರೇಟಿಗೂ ಇಲ್ಲ."

ಡಾಕ್ಟರು ಕುರ್ಚಿಯ ಕಡೆ ತಿರುಗಿ ರಂಗವ್ವನ ಬಾಯೊಳಗೆ ದೀಪ ಬಿಟ್ಟರು. "ಅಮ್ಮ, ನಿಮ್ಮ ಹಲ್ಲು ಉಳಿಸಬಹುದು. ಅಳಿಯನ ಕಾರ್ಡು ಉಳಿಯಲ್ಲ."

ಹಲ್ಲು ಕೊರೆದು, ಔಷಧಿ ತುಂಬಿ, ಮೇಲೆ ಹತ್ತಿ ಒತ್ತಿ, ಸಂಜೆಯವರೆಗೆ ಬಾಯಿ ತೆರೆಯಕೂಡದು ಎಂದು ಕಟ್ಟಪ್ಪಣೆ ಮಾಡಿ ಕಳಿಸಿದರು. ರಂಗವ್ವ ಹುಟ್ಟಿದ ಮೇಲೆ ಇಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ವಾಪಸ್ ಬಸ್ಸಿನಲ್ಲಿ ಹೊಟ್ಟೆಯೊಳಗೆ ಕೂಡಿಬಿದ್ದ ಮಾತಿನ ಒತ್ತಡಕ್ಕೆ ಅವಳು ಸೀಟಿನಿಂದ ಎರಡು ಬೆರಳು ಮೇಲೆಯೇ ಕೂತಿದ್ದಳು.

ನಿಂಗರಾಜ ಕಿಟಕಿಯಾಚೆ ನೋಡುತ್ತ, ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ, ಕೋಣೆ ಖಾಲಿ ಮಾಡಿಕೊಡುವುದೆಂದು ತೀರ್ಮಾನಿಸಿದ್ದ. ಆದರೆ ಬೀದಿ ತಿರುಗಿದರೆ ಮನೆಯ ಮುಂದೆ ಜಾತ್ರೆಯಂತೆ ಜನ. ಒಂದು ಪಕ್ಕ ಮೌಲಾ ಸಾಬನ ಗಾಡಿ. ಇನ್ನೊಂದು ಪಕ್ಕ ಸರ್ಕಾರದ ಜೀಪು.

ಜೀಪಿನಿಂದ ಗೆಜೆಟೆಡ್ ಅಧಿಕಾರಿ ಅಂಜನಕುಮಾರ ಇಳಿದು ಓಡಿಬಂದರು. ಖತೀಜಾಬೀಯ ಸ್ಟೇಟಸ್ಸು ಊರೆಲ್ಲ ಸುತ್ತಿ ಅವರ ಮೇಲಧಿಕಾರಿಯ ಫೋನಿಗೆ ತಲುಪಿ, 'ಕೋಟಿ ಬೆಲೆಯ ಈ ವಸ್ತುವಿನ ಮೂಲ ನೀವು ಎಲ್ಲಿ ನೋಡಿದಿರಿ?' ಎಂಬ ಪ್ರಶ್ನೆಯಾಗಿ ಅವರಿಗೇ ವಾಪಸ್ ಬಂದಿತ್ತು.

"ಏನಪಾ ನೀನು! ಆಧಾರ್ ಕಾರ್ಡು ಅಂತ ಹಾಕ್ಸ್ಕೊಂಡು ಹೋದ್ಯಲ್ಲ! ನನ್ನ ಸಹಿ ನನಗೆ ವಾಪಸ್ ಕೊಡು."

"ಸಾರ್, ಅದಕ್ಕೆ ಬೆಲೆನೇ ಇಲ್ಲ. ಈಗಷ್ಟೇ ತೋರ್ಸ್ಕೊಂಡು ಬಂದೆ. ಹೆದರಬ್ಯಾಡ್ರಿ."

ಖತೀಜಾಬೀ ತಲೆಯಾಡಿಸಿದಳು. "ಜೀಪು ಬಂದೈತಲ್ಲ, ಅದಕ್ಕೇ ಹಂಗಂತಾನೆ. ಜಾಣ."

"ಇಲ್ಲಾ ಖತೀಜಕ್ಕ, ದೇವರಾಣೆ, ಹೋತು! ಅತ್ತೇನೇ ಕೇಳ್ರಿ, ಅಲ್ಲೇ ಇದ್ಲು."

ಎಲ್ಲರೂ ರಂಗವ್ವನ ಕಡೆ ತಿರುಗಿದರು. ರಂಗವ್ವ ತುಟಿ ಬಿಗಿಹಿಡಿದು, ಎರಡೂ ಕೈ ಅಗಲಿಸಿ, ಏನೂ ಇಲ್ಲವೆಂದು ಅಲ್ಲಾಡಿಸಿದಳು.

"ನೋಡ್ರಿ, ಕೈಯಾಗೆ ಹಿಡಿಸಂಗಿಲ್ಲ ಅಂತಾಳೆ!"

ರಂಗವ್ವ ಹಣೆ ಹಣೆ ಬಡಿದುಕೊಂಡಳು.

"ಹಣೆಬರಹ ತೆರೀತು ಅಂತಾಳೆ!"

"ಯಪ್ಪಾ, ರಂಗವ್ವಗೇ ಮಾತು ನಿಂತ್ಹೋಗ್ಯಾವು ಅಂದ್ರೆ, ಎಷ್ಟು ಅಂದಿರಬೇಕು ಆ ಡಾಕ್ಟ್ರು!" ಎಂದ ಮೌಲಾ ಸಾಬ್, ಗಾಡಿಯನ್ನು ಗೌರವದಿಂದ ಹಿಂದಕ್ಕೆ ಎಳೆದುಕೊಳ್ಳುತ್ತ.

ಒಂದು ವಾರದಿಂದ ತಾನೇ ಕಟ್ಟಿದ ಕೋಟಿಯನ್ನು ತಾನೇ ನಂಬಿದ ಬೀದಿ ಅದು. ಈಗ ನಿಜ ಹೇಳಿದರೆ ಒಬ್ಬರೂ ನಂಬಲೊಲ್ಲರು. ಬೀದಿಯ ತೀರ್ಪು ಅಲ್ಲೇ ಆಯಿತು. ಖತೀಜಾಬೀ ಬಾಗಿಲಲ್ಲಿ ನಿಂತಿದ್ದ ಸುಧಾಳ ಭುಜ ತಟ್ಟಿ, "ಇನ್ನ ರೂಮಿನ ಆಸೆ ಬಿಡಮ್ಮ. ನಿನ್ನ ಗಂಡ ಗೆದ್ದ," ಎಂದಳು.

ಸುಧಾ ನಿಂಗರಾಜನ ಹತ್ತಿರ ಬಂದು, ಅವನಿಗಷ್ಟೇ ಕೇಳುವಂತೆ, "ಖರೆ ಏನಂದ್ರು?" ಎಂದಳು.

"ಸೊನ್ನೆ. ಇದ್ದ ಹಾಗೇ ಒಯ್ದಿದ್ರೆ ಕಾರು ಬರ್ತಿತ್ತಂತೆ. ಯಾರೂ ನಂಬವಲ್ಲರು ಸುಧಾ."

"ನಾ ನಂಬ್ತೀನಿ ಬಿಡ್ರಿ. ಮದುವೆ ಆದಾಗಿಂದ ಇದೊಂದು ನಂಬೋ ಮಾತು ಆಡೀರಿ."

ಅವಳು ಜನರಿಗೆ ಅದನ್ನು ಸಾರಿ ಹೇಳಿ ಕೋಣೆ ಕೇಳಬಹುದಿತ್ತು. ಕೇಳಲಿಲ್ಲ. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಸಾಸಿವೆ ಸಿಡಿಯುವ ಸದ್ದು, ಅದರ ಹಿಂದೆಯೇ ಮಷಿನ್ ತಿರುಗುವ ಸದ್ದು ಬಂದವು.

ನಿಂಗರಾಜ ಆ ಸದ್ದು ಕೇಳುತ್ತ ನಿಂತ. ಇತ್ತ ಅಂಜನಕುಮಾರರು ಅವನ ಕೈಯಿಂದ ಕಾರ್ಡು ಕಸಿದುಕೊಂಡು, ಅದರ ಅಂಚನ್ನು ಹಲ್ಲಿನಿಂದ ಕಚ್ಚಿ ಪ್ಲಾಸ್ಟಿಕ್ ಬಿಡಿಸಲು ನೋಡುತ್ತಿದ್ದರು.

"ಬರಂಗಿಲ್ಲ ಸಾರ್, ನಾನೇ ಮಾಡಿದ್ದು," ಎಂದ ನಿಂಗರಾಜ, ಅಂಥ ಹೊತ್ತಿನಲ್ಲೂ ತಡೆಯಲಾಗದೆ.

"ಹಂಗಾರೆ ಸುಟ್ಟುಬಿಡಪಾ!"

"ಕೋಟಿ ರೂಪಾಯಿ ಸುಡ್ತಾರಂತೆ!" ಎಂದು ಬೀದಿ ಮೈಮೇಲೆ ಬಂತು. ಅಂಜನಕುಮಾರರು ಗಾಬರಿಯಾಗಿ ಜೀಪಿನ ಚಕ್ರಕ್ಕೆ ಒರಗಿದರು. "ಸುಡಬ್ಯಾಡ ಮಾರಾಯ. ನನ್ನ ಸಹಿ ಯಾರ ಕಣ್ಣಿಗೂ ಬೀಳದಂಗೆ ಎಲ್ಲಾದ್ರೂ ಭದ್ರವಾಗಿ ಇಡು. ಕೈ ಮುಗೀತೀನಿ."

ಆಗ ನಿಂಗರಾಜ ಕಟ್ಟೆ ಹತ್ತಿದ. ಗಂಟಲು ಸರಿಮಾಡಿಕೊಂಡ. ಅವನ ಬಾಯಿಂದ ಆ ದಿನ ಬಂದಂಥ ಭಾಷಣ ದಾವಣಗೆರೆಯ ಮೈದಾನದಲ್ಲಿ ಯಾವ ಚುನಾವಣೆಯಲ್ಲೂ ಬಂದಿಲ್ಲ.

"ಬಂಧುಗಳೇ! ಈ ಕಾರ್ಡು ನಂದಲ್ಲ, ಈ ಬೀದಿದು. ಇದನ್ನ ಈ ಮುಂದಿನ ಕ್ವಾಣ್ಯಾಗೇ ಗ್ವಾಡಿಗೆ ತೂಗು ಹಾಕ್ತೀನಿ. ಸಾಹೇಬ್ರ ಸಹಿ ಗ್ವಾಡಿ ಕಡೆ, ಯಾರಿಗೂ ಕಾಣಂಗಿಲ್ಲ. ಪೈಲ್ವಾನನ ಮಾರಿ ಈ ಕಡೆ. ಆದ್ರೆ ಕಾಯೋರು ಯಾರು? ನಾನು ದಿನಾ ಅಂಗಡಿಗೆ ಹೋಗೋನು. ಹಗಲೆಲ್ಲಾ ಆ ಕ್ವಾಣ್ಯಾಗೆ ಒಬ್ರು ಕುಂತೇ ಇರಬೇಕು. ಕೈಯಾಗೆ ಕತ್ತರಿ ಇರಬೇಕು. ಕಣ್ಣು ಚುರುಕಿರಬೇಕು. ಅಂಥೋರು ಈ ಮನ್ಯಾಗೆ ಒಬ್ರೇ. ಸಾಬಣ್ಣ, ಗಾಡಿ ಮುಂದಕ್ಕೆ ತಗೋ. ಬ್ಯಾರೆ ಎಲ್ಲಾ ಹೇರು. ಮಷಿನ್ ಇಡಾಕ ಜಾಗ ಆಗಬೇಕು."

ಅಡುಗೆಮನೆಯಲ್ಲಿ ಮಷಿನ್ ನಿಂತಿತು.

ಬೀದಿ ಚಪ್ಪಾಳೆ ತಟ್ಟಿತು. ಅಂಜನಕುಮಾರರು ತಾವೇ ಮಷಿನ್ನಿನ ಒಂದು ತುದಿ ಹಿಡಿದು ಹೊತ್ತು ತಂದರು. ಗೆಜೆಟೆಡ್ ಅಧಿಕಾರಿಯೊಬ್ಬರು ಹೊಲಿಗೆ ಮಷಿನ್ ಹೊತ್ತದ್ದು ಕರ್ನಾಟಕ ಏಕೀಕರಣವಾದ ಮೇಲೆ ಅದೇ ಮೊದಲು. ಸಂಜೆ ರಂಗವ್ವನ ಬಾಯಿಂದ ಹತ್ತಿ ತೆಗೆದಾಗ ನಿಜ ಹೇಳಲು ಬೀದಿಯಲ್ಲಿ ಜನ ಉಳಿದಿರಲಿಲ್ಲ. ಇದ್ದ ಮಗಳು ಅಳಿಯರಿಗೇ ಮಧ್ಯರಾತ್ರಿಯವರೆಗೆ ಹೇಳಿದಳು.

ಸುಧಾಳ ಅಂಗಡಿಗೆ ಮೊದಲ ವಾರವೇ ಹೆಂಗಸರು ನುಗ್ಗಿದರು. ಬ್ಲೌಸಿನ ನೆವ, ಕೋಟಿಯ ಪೈಲ್ವಾನನನ್ನು ನೋಡುವ ಆಸೆ. ಆದರೆ ಒಂದು ತೊಡಕಾಯಿತು. ಅಂಗೈಯಗಲದ ಚಡ್ಡಿಯ ಆ ಗಡ್ಡದವನು ಗೋಡೆಯ ಮೇಲಿಂದ ದುರುಗುಟ್ಟಿ ನೋಡುತ್ತಿದ್ದರೆ ಅಳತೆ ಕೊಡಲು ಯಾರಿಗೂ ಧೈರ್ಯವಿಲ್ಲ. "ಸುಧಕ್ಕ, ಇವನ್ನ ಆ ಕಡೆ ತಿರುಗ್ಸವ್ವ, ನಾಚಿಕಿ ಬರ್ತೈತೆ," ಎಂದರು. ಸುಧಾ ಎದ್ದು ಬೈಸನ್ನನ ಮುಖವನ್ನು ಗೋಡೆಗೆ ತಿರುಗಿಸಿದಳು.

ಈಗ ಒಳಗೆ ಕಾಲಿಟ್ಟವರಿಗೆ ಕಾಣುವುದು ಹಸಿರು ಸಹಿ, ಸಿಂಹದ ಮೊಹರು, ಗೆಜೆಟೆಡ್ ಅಧಿಕಾರಿಯ ಹೆಸರು. ಮೊನ್ನೆ ನಿಟ್ಟುವಳ್ಳಿಯ ಕಡೆಯಿಂದ ಬಂದ ಹೊಸ ಗಿರಾಕಿಯೊಬ್ಬಳು ಅಳತೆಯ ಬ್ಲೌಸು ಕೈಯಲ್ಲಿ ಹಿಡಿದು, ಹೊಸದು ಇದರಂತೆಯೇ ಬರುತ್ತದೋ ಇಲ್ಲವೋ ಎಂದು ಅನುಮಾನಿಸುತ್ತ ನಿಂತಿದ್ದಳು. ಖತೀಜಾಬೀ ಗೋಡೆಯ ಕಡೆ ಬೆರಳು ತೋರಿಸಿದಳು.

"ಹೆದರಬ್ಯಾಡಮ್ಮ, ಕೊಡು. ಮೂಲದ ಜ್ವತೆ ತಾಳೆ ನೋಡಿ, ಸರಿ ಐತೆ ಅಂತ ಸರ್ಕಾರದವ್ರೇ ಬರ್ಕೊಟ್ಟಾರ."